ದನಿಯಿಲ್ಲದ ದೋಣಿಯ ಸಾಲು

ತಾಂಡೇಲ ಕನಸು ಕಾಣಲು ಕಲಿತದ್ದು ಮಳೆಗಾಲದ ಅರವತ್ತೊಂದು ದಿನಗಳ ರಜೆಯಲ್ಲಿ. ಕಲಿಸಿದವಳು ನಾನೇ. ಆಮೇಲೆ ನಡೆದದ್ದಕ್ಕೆ ಯಂತ್ರವನ್ನು ಬೈದವರು ಬಹಳ ಮಂದಿ; ನಾನು ಮಾತ್ರ ಬೈಯಲಿಲ್ಲ. ಕನಸಿಗೆ ಬೇಕಾದ ಸಾಮಾನನ್ನೆಲ್ಲ ಒದಗಿಸಿಕೊಟ್ಟು, ಕಂಡ ಕನಸು ತಪ್ಪು ಎಂದು ಬೈಯುವುದು ಯಾವ ನ್ಯಾಯ?

ಕರಾವಳಿಯವರ ಮಾತಿನಲ್ಲಿ ತಾಂಡೇಲ ಎಂದರೆ ದೋಣಿಯ ಮುಖ್ಯಸ್ಥ, ಯಾವ ದಿಕ್ಕಿಗೆ ಹೋಗಬೇಕೆಂದು ನಿರ್ಧರಿಸುವವನು. ನಮ್ಮ ತಾಂಡೇಲನಿಗೆ ಮೀಸೆ ಇರಲಿಲ್ಲ. ಹೊಸಕೋಡಿ ಬಂದರಿನಲ್ಲಿ, ಮೀನು ಇಳಿಸುವ ದಕ್ಕೆಯ ಮೇಲಿನ ಕಾವಲುಕೋಣೆಯಲ್ಲಿ, ಮಾಹಿತಿಯ ಉಗ್ರಾಣದ ಬಾಗಿಲು ಕಾಯುತ್ತಿದ್ದ ತಂತ್ರಾಂಶ ಅದು. ಪ್ರಶ್ನೆ ಕೇಳುವವರು ನಾವು. ಉತ್ತರದ ಕಡೆಗೆ ಯಾವ ದಾರಿಯಲ್ಲಿ ಹೋದರೆ ಬೇಗ ಎಂದು ಯೋಚಿಸುವುದು ಅದರ ಕೆಲಸ. ಯಾವ ಪಟ್ಟಿಯನ್ನು ಮೊದಲು ತೆರೆಯಬೇಕು, ಯಾವುದನ್ನು ಯಾವುದಕ್ಕೆ ಜೋಡಿಸಬೇಕು, ಯಾವ ಕೆಲಸವನ್ನು ಮಾಡದೆಯೇ ಬಿಟ್ಟುಬಿಡಬಹುದು ಎಂದು. ಈ ಕೊನೆಯದರಲ್ಲಿ ಅದು ಮಹಾ ಜಾಣ. ಸೋಮಾರಿತನವನ್ನು ಶಾಸ್ತ್ರ ಮಾಡಿಕೊಂಡವರು ನಾವು ಎಂದು ನಾನು ಹೇಳಿದರೆ ನನ್ನ ವೃತ್ತಿಯವರು ಸಿಟ್ಟಾಗುತ್ತಾರೆ, ಆಗಲಿ.

ನಾನು ಹಿರಿಯೂರಿನವಳು, ಹೇಮಾವತಿ. ಇಪ್ಪತ್ತೈದು ವರ್ಷವಾಗುವವರೆಗೆ ಕಡಲನ್ನೇ ನೋಡಿರಲಿಲ್ಲ. ಹೊಸಕೋಡಿಗೆ ಬಂದಾಗ ಡೀಸೆಲ್ ದೋಣಿಗಳ ಕಾಲ ಮುಗಿದಿತ್ತು. ಒಬ್ಬರೇ ನಡೆಸಬಹುದಾದ ಬಿಸಿಲುದೋಣಿಗಳು, ಸಾವಿರಕ್ಕೂ ಮಿಕ್ಕಿ. ಪ್ರತಿ ದೋಣಿಯ ತಳದಲ್ಲಿ ಅಂಗೈಯಗಲದ ಒಂದು ಗೆಜ್ಜೆ. ಅದು ನೀರಿನೊಳಗೆ ತನ್ನದೇ ಸ್ವರದಲ್ಲಿ ನಿಮಿಷಕ್ಕೊಮ್ಮೆ ನುಡಿಯುತ್ತದೆ. ಒಂದು ದೋಣಿಯ ಸ್ವರ ಇನ್ನೊಂದಕ್ಕಿಲ್ಲ. ಕಡಲಿನ ತುಂಬ ತೇಲುಕಿವಿಗಳು. ಕಟ್ಟಿಹಾಕಿದ ಡಬ್ಬಿಗಳಷ್ಟೇ ಅವು, ಅಲೆಯ ಮೇಲೆ ತೂಗುತ್ತ ಕೇಳಿದ್ದನ್ನೆಲ್ಲ ದಡಕ್ಕೆ ಕಳಿಸುತ್ತಿದ್ದವು. ಕಾವಲುಕೋಣೆಯಲ್ಲಿ ಒಂದು ಗುಂಡಿ ಒತ್ತಿದರೆ ಇಡೀ ಕಡಲು ಗೆಜ್ಜೆ ಕಟ್ಟಿಕೊಂಡು ನಡೆದಂತೆ ಕೇಳುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ನಾನು ಅದನ್ನು ಸಣ್ಣಗೆ ಹಾಕಿಕೊಂಡು ಅರೆಗಣ್ಣು ಮುಚ್ಚುತ್ತಿದ್ದೆ. ಕೆಲಸದ ಹೊತ್ತಿನಲ್ಲಿ ನಿದ್ದೆ ಮಾಡಿದಳೆಂದು ಬರೆದುಕೊಳ್ಳುವವರು ಬರೆದುಕೊಳ್ಳಬಹುದು.

ಮಧ್ಯಾಹ್ನ ಮೂರರಿಂದ ಐದೈದು ನಿಮಿಷಕ್ಕೆ ನಾವು ಒಂದೇ ಪ್ರಶ್ನೆ ಕೇಳುತ್ತಿದ್ದೆವು. ‘ಕಡಲಿಗೆ ಹೋದ ಪ್ರತಿ ದೋಣಿಯ ಹೆಸರಿನ ಪಕ್ಕ, ಕಳೆದ ಒಂದು ಗಂಟೆಯಲ್ಲಿ ಕೇಳಿದ ಅದರ ದನಿಯನ್ನು ಸೇರಿಸಿ ತಾ. ದನಿ ಸಿಗದಿದ್ದರೂ ಹೆಸರು ಬಿಡಬೇಡ. ಪಕ್ಕದ ಜಾಗ ಖಾಲಿ ಇಡು.’ ಇದಕ್ಕೆ ಹೊರಜೋಡಣೆ ಎನ್ನುತ್ತೇವೆ. ಜೊತೆ ಸಿಕ್ಕವರನ್ನು ಮಾತ್ರ ತರುವುದು ಒಳಜೋಡಣೆ. ಮದುವೆಗೆ ಗಂಡಹೆಂಡತಿ ಜೋಡಿಯಾಗಿ ಬಂದರೆ ಮಾತ್ರ ಎಲೆ ಹಾಕುತ್ತೇವೆ ಅಂದರೆ ಅದು ಒಳಜೋಡಣೆ. ಒಬ್ಬರೇ ಬಂದರೂ ಕೂರಿಸಿ ಪಕ್ಕದ ಎಲೆಯನ್ನು ಖಾಲಿ ಬಿಟ್ಟರೆ ಅದು ಹೊರಜೋಡಣೆ. ನಮಗೆ ಬೇಕಾಗಿದ್ದದ್ದು ಆ ಖಾಲಿ ಎಲೆಯೇ. ಖಾಲಿ ಕಂಡ ಕೂಡಲೇ ಪ್ರಶ್ನೆಯೊಳಗೆ ಇನ್ನೊಂದು ಒಳಪ್ರಶ್ನೆ ಏಳುತ್ತಿತ್ತು: ಈ ದೋಣಿಯನ್ನು ಕೊನೆಗೆ ಕೇಳಿದ ಕಿವಿ ಯಾವುದು, ಎಷ್ಟು ಹೊತ್ತಿಗೆ? ಆ ಉತ್ತರ ಸಿಕ್ಕಿದರೆ ಡ್ರೋನ್‌ಗಳನ್ನು ಆ ದಿಕ್ಕಿಗೆ ಬಿಡುವುದು.

ಆ ಮಳೆಗಾಲಕ್ಕೆ ಎರಡು ವರ್ಷ ಹಿಂದಿನ ಅಕ್ಟೋಬರಿನಲ್ಲಿ ಒಂದು ಸಂಜೆ ಆ ಒಳಪ್ರಶ್ನೆಗೆ ಉತ್ತರ ಬರಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಆಗಿನ ತಂತ್ರಾಂಶ ಒಂದೊಂದು ದೋಣಿಗೂ ಹೊಸದಾಗಿ ಲಕ್ಷಗಟ್ಟಲೆ ದನಿಗಳನ್ನು ಮೊದಲಿನಿಂದ ಕೊನೆಯವರೆಗೆ ಹುಡುಕುತ್ತಿತ್ತು. ಉತ್ತರ ಬರುವ ಹೊತ್ತಿಗೆ ಕಡಲು ಕಪ್ಪಾಗಿತ್ತು, ಡ್ರೋನ್‌ಗಳಿಗೆ ಕಣ್ಣು ಕಾಣಲಿಲ್ಲ. ‘ಬೆಳ್ಳಕ್ಕಿ’ ಎಂಬ ಆ ದೋಣಿ ಎರಡು ದಿನದ ಮೇಲೆ ಮಗುಚಿಕೊಂಡ ಸ್ಥಿತಿಯಲ್ಲಿ ಸಿಕ್ಕಿತು. ದೋಣಿಯ ಶೀನಣ್ಣ ಸಿಗಲಿಲ್ಲ.

ಶೀನಣ್ಣನ ಹೆಂಡತಿ ಮೂಕಾಂಬಕ್ಕನ ಮನೆಯ ಮೇಲಿನ ಕೋಣೆಯಲ್ಲೇ ನಾನು ಇದ್ದದ್ದು, ಈಗಲೂ ಇರುವುದು. ಬಾಡಿಗೆದಾರಳಾಗಿ ಹೋದವಳು ಮೂರು ತಿಂಗಳೊಳಗೆ ಅಡುಗೆಮನೆಗೆ ಬಂದುಬಿಟ್ಟೆ. ಅಲ್ಲಿ ಕಾಲಿಟ್ಟ ಮೊದಲ ವಾರದಲ್ಲೇ, ಶೀನಣ್ಣ ಇನ್ನೂ ಇದ್ದಾಗ, ಬೈಸಿಕೊಂಡೂ ಇದ್ದೆ. ಅವರಲ್ಲಿ ಊಟದ ತಟ್ಟೆಗೆ ಬಟ್ಟಲು ಎನ್ನುತ್ತಾರೆ. ತೊಳೆದ ಬಟ್ಟಲುಗಳನ್ನೆಲ್ಲ ಹಲಗೆಯ ಮೇಲೆ ಕವುಚಿ ಇಡುವುದು ಪದ್ಧತಿ. ಒಂದು ಮಾತ್ರ ಅಂಗಾತವಿತ್ತು. ಉಪಕಾರ ಮಾಡುವವಳಂತೆ ನಾನು ಅದನ್ನೂ ಕವುಚಿದೆ.

“ಹೆಣೆ, ಅದ್ನ ಮುಟ್ಬೇಡ!” ಮೂಕಾಂಬಕ್ಕ ಒಲೆಯ ಹತ್ತಿರದಿಂದ ಓಡಿಬಂದಿದ್ದರು. “ಕಡ್ಲಿಗ್ ಹೋದವ್ರ್ ಬಟ್ಲ್ ಕವುಚುಕಾಗ. ಅವ್ರ್ ಬಂದ್ ಉಂಡ್ಮೇಲೇ ಕವುಚುದ್.”

ಶೀನಣ್ಣ ಹೋದ ಮೇಲೆ ಅವರ ಬಟ್ಟಲು ಅಂಗಾತವೇ ಉಳಿಯಿತು. ಮಗಳು ಜಲಜಾ ತನ್ನ ಇಪ್ಪತ್ತಾರನೇ ವಯಸ್ಸಿನಲ್ಲಿ ‘ಸುರಗಿ’ ಎಂಬ ದೋಣಿ ಹಿಡಿದು ಕಡಲಿಗೆ ಹೋಗತೊಡಗಿದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಎರಡು ಬಟ್ಟಲು ಅಂಗಾತ. ಸಂಜೆ ಒಂದು ಕವುಚಿಕೊಳ್ಳುತ್ತಿತ್ತು, ಇನ್ನೊಂದು ಇಲ್ಲ. ಮೂಕಾಂಬಕ್ಕ ದಿನವೂ ಅದರ ಧೂಳು ಒರೆಸುತ್ತಿದ್ದರು.

ಆ ಇಪ್ಪತ್ತೆರಡು ನಿಮಿಷದ ಸಂಕಟಕ್ಕೇ ನಾವು ತಾಂಡೇಲನನ್ನು ತಂದದ್ದು. ಅದು ಒಳಪ್ರಶ್ನೆಯನ್ನು ಬಿಡಿಸಿ ಹರಡುತ್ತಿತ್ತು. ಒಂದೊಂದು ಮನೆಯ ಬಾಗಿಲು ಬಡಿದು ‘ನಿಮ್ಮವರು ಬಂದರೇ’ ಎಂದು ಕೇಳುವ ಬದಲು ದಕ್ಕೆಯ ಮೇಲೆ ನಿಂತು ಎಲ್ಲರನ್ನೂ ಒಮ್ಮೆಲೇ ಎಣಿಸಿದ ಹಾಗೆ. ಉತ್ತರ ಎರಡು ನಿಮಿಷಕ್ಕೆ ಇಳಿಯಿತು. ಇನ್ನೂ ಇಳಿಯಬೇಕೆಂದು ನನಗೆ ಹಟ. ಅದಕ್ಕೇ ಕನಸು.

ಕೆಲಸವಿಲ್ಲದ ಹೊತ್ತಿನಲ್ಲಿ ತಾಂಡೇಲ ಹಳೆಯ ಪ್ರಶ್ನೆಗಳನ್ನು ಆಯಾ ದಿನದ ದನಿಗಳ ಮೇಲೆ ತನ್ನೊಳಗೇ ಮತ್ತೆ ಮತ್ತೆ ಕೇಳಿಕೊಳ್ಳಬೇಕು, ಬೇರೆಬೇರೆ ದಾರಿ ಹಿಡಿದು ನೋಡಬೇಕು, ಯಾವಾಗಲೂ ನಿಜವಾಗಿ ಕಂಡದ್ದನ್ನು ನಿಯಮವೆಂದು ಇಟ್ಟುಕೊಂಡು ಮುಂದಿನ ಸಲ ಆ ಕೆಲಸ ಉಳಿಸಬೇಕು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಕಡಲಿಗೆ ಯಾರೂ ಹೋಗುವಂತಿಲ್ಲ, ಮೀನಿಗೆ ಮೊಟ್ಟೆಯಿಡುವ ಕಾಲ. ಪ್ರಶ್ನೆ ಕೇಳುವವರಿಲ್ಲ. ತಾಂಡೇಲ ಹೊಟ್ಟೆ ತುಂಬ ಕನಸು ಕಂಡಿತು.

ಅದನ್ನು ನೋಡುವುದೇ ನನಗೊಂದು ಹುಚ್ಚಾಯಿತು. ಹೊರಗೆ ಕಡಲು ಮಳೆಯೊಳಗೆ ಕರಗಿಹೋಗಿರುತ್ತಿತ್ತು. ಒಳಗೆ ಪರದೆಯ ಮೇಲೆ ದೋಣಿಗಳು ಬೆಳಕಿನ ಚುಕ್ಕಿಗಳಾಗಿ ಎಡಕ್ಕೆ, ದನಿಗಳು ಬಲಕ್ಕೆ. ನಡುವೆ ಸಣ್ಣ ಎಳೆಗಳು ಹುಟ್ಟಿ, ಕೂಡಿ, ಬಿಟ್ಟು, ಮತ್ತೆ ಬೇರೆ ರೀತಿಯಲ್ಲಿ ಕೂಡುತ್ತಿದ್ದವು. ಒಮ್ಮೊಮ್ಮೆ ದನಿಗಳು ಮೊದಲು ಬಂದು ದೋಣಿಗಳನ್ನು ಹುಡುಕುತ್ತಿದ್ದವು, ಒಮ್ಮೊಮ್ಮೆ ದೋಣಿಗಳೇ ಸಾಲಾಗಿ ನಿಂತು ಕಾಯುತ್ತಿದ್ದವು. ದಿನ ಕಳೆದಂತೆ ಆ ಚಿತ್ರ ಸರಳವಾಗುತ್ತ ಬಂತು, ಹಗುರವಾಗುತ್ತ ಬಂತು. ಜುಲೈ ಕೊನೆಗೆ ಒಂದು ದೋಣಿ, ಒಂದು ದನಿ, ನಡುವೆ ಒಂದು ಎಳೆ, ಅಷ್ಟೇ. ಅಷ್ಟು ಚೆಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅಷ್ಟು ಚೆಂದವಿದ್ದದ್ದಕ್ಕೇ ನನಗೆ ಅನುಮಾನ ಬರಬೇಕಿತ್ತು.

ಇಲ್ಲಿ ಎರಡು ಸಂಗತಿ ಹೇಳಲೇಬೇಕು, ಎರಡೂ ಸಣ್ಣವು. ರಜೆಯಲ್ಲಿ ಗೆಜ್ಜೆ ಬಿಚ್ಚಿ ಒಣಗಿಸಿ ಇಡಬೇಕೆಂದು ಇಲಾಖೆಯ ಸೂಚನೆ ಇತ್ತು. ಹೊಸಕೋಡಿಯಲ್ಲಿ ಒಬ್ಬರೂ ಬಿಚ್ಚುವುದಿಲ್ಲ. ದೋಣಿಯ ಗೆಜ್ಜೆ ಬಿಚ್ಚಿದರೆ ಅಪಶಕುನ. ಅಲ್ಲೇ ನೀರಿನಲ್ಲಿಟ್ಟು ಶುಚಿ ಮಾಡುತ್ತಾರೆ, ಅಲ್ಲೇ ರಿಪೇರಿ. ಹಾಗಾಗಿ ಅರವತ್ತೊಂದು ದಿನವೂ ಹೊಳೆ ಕಡಲು ಸೇರುವ ಅಳಿವೆಯೊಳಗೆ ಕಟ್ಟಿಹಾಕಿದ ದೋಣಿಗಳೆಲ್ಲ ಬಿಡದೆ ನುಡಿಯುತ್ತಲೇ ಇದ್ದವು. ಎರಡನೆಯದು ಮೇ ಮೂವತ್ತೊಂದರಂದು ನಾನು ಮಾಡಿದ ಕೆಲಸ. ಕನಸಿಗೆ ಮುಂಚೆ ಪಟ್ಟಿ ಶುಚಿಯಾಗಿರಲಿ ಎಂದು, ವಿಚಾರಣೆ ಮುಗಿದು ಕೈಬಿಡಲು ಅನುಮತಿ ಬಂದಿದ್ದ ಒಂದು ಹೆಸರನ್ನು ತೆಗೆದೆ. ಸಾವಿರದ ನೂರ ನಲವತ್ತು ಇದ್ದದ್ದು ಸಾವಿರದ ನೂರ ಮೂವತ್ತೊಂಬತ್ತಾಯಿತು. ತೆಗೆದದ್ದು ಬೆಳ್ಳಕ್ಕಿಯನ್ನು.

ಮೂಕಾಂಬಕ್ಕನಿಗೆ ನಾನೇ ಹೇಳಿದ್ದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಅವರು ಬಂಗುಡೆ ಕೊಯ್ಯುತ್ತಿದ್ದವರು ಕತ್ತಿ ಕೆಳಗಿಟ್ಟರು.

“ಒಂದ್ ಹೆಸ್ರ್ ಅಲ್ದಾ, ಹೆಣೆ? ಇರ್ಲಿ ಬಿಡ್. ನಿಮ್ಮ ಪೆಟ್ಟಿಗಿಗ್ ಎಂತ ಭಾರ ಆತ್ತಾ?”

“ಭಾರದ ಮಾತಲ್ಲ ಅಕ್ಕ. ನಿಯಮ ಇದೆ. ದನಿಯೇ ಇಲ್ಲದ ದೋಣಿಯನ್ನು ಇಟ್ಟುಕೊಂಡರೆ ದಿನವೂ ಒಂದು ಖಾಲಿ ತೋರಿಸುತ್ತೆ. ಸುಮ್ಮನೆ ಗಾಬರಿ.”

“ಗಾಬರಿ ಆಯ್ಲಿ,” ಎಂದರು ಅವರು. “ಒಬ್ರಿಗಾದ್ರೂ ಆಯ್ಲಿ.”

ಆದರೂ ಹೆಸರು ತೆಗೆದೆ. ಮರುದಿನ ಎಂದಿನಂತೆ ಅವರೇ ಕರೆದು ಗಂಜಿ ಬಡಿಸಿದರು.

ಆಗಸ್ಟಿನಲ್ಲಿ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ಸಮುದ್ರ ಪೂಜೆ ಆಯಿತು. ಮಾರನೆಯ ಬೆಳಗ್ಗೆ ದೋಣಿಗಳೆಲ್ಲ ಅಳಿವೆ ದಾಟಿದವು. ಜಲಜಾ ಹೋಗುವಾಗ ಕಾವಲುಕೋಣೆಯ ಕಿಟಕಿಯತ್ತ ನೋಡಿ, “ಹೇಮಕ್ಕಾ, ನಿದ್ದಿ ಮಾಡ್ಬೇಡಿ ಅಕಾ!” ಎಂದು ಕೂಗಿ ನಕ್ಕಳು. ನಾನು ಕೈಬೀಸಿದೆ. ಮಧ್ಯಾಹ್ನ ಗುಂಡಿ ಒತ್ತಿ ಕೇಳಿದೆ. ಎರಡು ತಿಂಗಳು ಕಟ್ಟಿಹಾಕಿದ್ದ ಗೆಜ್ಜೆಗಳು ಈಗ ಹರಡಿಕೊಂಡು ದೂರದೂರದಿಂದ ಕೇಳುತ್ತಿದ್ದವು. ಮನೆಯವರೆಲ್ಲ ಬೇರೆಬೇರೆ ಕೋಣೆಯಲ್ಲಿ ಓಡಾಡುತ್ತಿರುವಾಗ ಬರುವಂಥ ಸದ್ದು ಅದು. ಒಂದು ಸ್ವರ ಇಲ್ಲ ಎಂದು ಆ ಸಾವಿರದ ನಡುವೆ ಯಾವ ಮನುಷ್ಯಕಿವಿಗೆ ಗೊತ್ತಾಗುತ್ತದೆ? ನನಗೂ ಆಗಲಿಲ್ಲ.

ಮೂರಕ್ಕೆ ಪ್ರಶ್ನೆ ಶುರುವಾಯಿತು. ಉತ್ತರ ಅರ್ಧ ಸೆಕೆಂಡಿನಲ್ಲಿ ಬಂತು. ಪರದೆಯ ಕೆಳಗೆ ದಪ್ಪಕ್ಷರದಲ್ಲಿ: ‘ಖಾಲಿ: ೦’.

“ಹೋಯ್ ಮೇಡಂ, ಸೊನ್ನಿ ಕಾಣಿ!” ಎಂದರು ಶೇರೆಗಾರ್. ಕಾವಲುಕೋಣೆಯ ಮುಖ್ಯಸ್ಥರು ಅವರು, ಮೂವತ್ತು ವರ್ಷದ ಅನುಭವ, ನನಗಿಂತ ಹೆಚ್ಚು ಕಡಲು ಕಂಡವರು. “ಸುರುವಿನ್ ದಿನವೇ ಸೊನ್ನಿ! ಹಿಂದೆಲ್ಲ ದಿನಕ್ ಎರ್ಡ್ ಮೂರ್ ಖಾಲಿ ಬಪ್ದ್ ಇತ್ತಲೆ ಮಾರಾಯ್ರೆ.”

“ಈ ಸಲ ಗೆಜ್ಜೆಗಳೆಲ್ಲ ಚೆನ್ನಾಗಿ ರಿಪೇರಿ ಆಗಿವೆ,” ಎಂದೆ.

“ಅದೂ ಹೌದೇ.” ಅವರು ಗೋಳಿಬಜೆ ತರಿಸಿದರು. ಬಿಸಿ ಗೋಳಿಬಜೆ, ಕಾಯಿಚಟ್ನಿ. ನಾಲ್ಕು ಗಂಟೆಗೂ ಸೊನ್ನೆ. ಐದಕ್ಕೂ ಸೊನ್ನೆ. ಸೊನ್ನೆಯನ್ನು ನೋಡಿ ಸಂತೋಷಪಡುವವರನ್ನು ದೇವರೇ ಕಾಪಾಡಬೇಕು.

ಐದೂ ಮುಕ್ಕಾಲಿಗೆ ಮನೆಗೆ ಬಂದೆ. ಹಲಗೆಯ ಮೇಲೆ ಎರಡು ಬಟ್ಟಲು ಅಂಗಾತ. ಮೂಕಾಂಬಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಿದ್ದರು.

“ಜಲಜಾ ಬರಲಿಲ್ವಾ?” ಎಂದೆ, ಚಪ್ಪಲಿ ಬಿಡುತ್ತ.

“ಐದಕ್ ಬತ್ತೆ ಅಂದಿದ್ಳ್.”

“ದಕ್ಕೆಯಲ್ಲಿ ಮಂಜುಗಡ್ಡೆಗೆ ಸಾಲು ಇದೆ ಅಕ್ಕ, ಅದಕ್ಕೇ ತಡ. ಪಟ್ಟಿ ನೋಡಿಕೊಂಡೇ ಬಂದೆ. ಒಂದೂ ಖಾಲಿ ಇಲ್ಲ.”

ಅವರು ನನ್ನ ಮುಖ ನೋಡಿದರು. “ಸುರಗಿ ಹೆಸ್ರ್ ಇದ್ದಿತಾ?”

“ಖಾಲಿ ಇಲ್ಲ ಅಂದರೆ...”

“ಖಾಲಿ ವಿಷ್ಯ ನಾ ಕೇಂಡದ್ ಅಲ್ಲ. ಹೆಸ್ರ್ ಇದ್ದಿತಾ ಅಂತ ಕೇಂಡದ್.”

ನಾನು ಹೆಸರು ನೋಡಿರಲಿಲ್ಲ. ಖಾಲಿ ಇದೆಯೇ ಎಂದಷ್ಟೇ ನೋಡುವುದು ನಮ್ಮ ಅಭ್ಯಾಸ. ಇರುವವರ ಹೆಸರು ಓದುವ ಪದ್ಧತಿ ಕಾವಲುಕೋಣೆಯಲ್ಲಿ ಯಾರಿಗೂ ಇಲ್ಲ. ಮೊಬೈಲಿನಲ್ಲಿ ಪಟ್ಟಿ ತೆರೆದೆ. ‘ಸ’ ಅಕ್ಷರಕ್ಕೆ ಹೋದೆ. ಸಾಗರಲಕ್ಷ್ಮಿ. ಸಿದ್ಧಿವಿನಾಯಕ. ಸುಬ್ರಹ್ಮಣ್ಯ. ಸೂರ್ಯಕಿರಣ. ಸುಬ್ರಹ್ಮಣ್ಯಕ್ಕೂ ಸೂರ್ಯಕಿರಣಕ್ಕೂ ನಡುವೆ ಏನೂ ಇರಲಿಲ್ಲ, ಒಂದು ಬಿಳಿಗೆರೆಯಷ್ಟು ಜಾಗವೂ ಇಲ್ಲ. ಸುರಗಿಯ ಪಕ್ಕ ಖಾಲಿ ಇದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

“ಇಲ್ಲ ಅಕ್ಕ,” ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಮೂಕಾಂಬಕ್ಕ ಎದ್ದು ಹೋಗಿ ಮಗಳ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. “ನೀ ಹೋಗ್,” ಎಂದರು. “ಓಡ್.”

ಕಾವಲುಕೋಣೆ ತಲುಪುವಾಗ ಆರು ಗಂಟೆ ಎರಡು ನಿಮಿಷ. ಅಂದು ಸೂರ್ಯಾಸ್ತ ಆರು ಐವತ್ತೆರಡಕ್ಕೆ. ಶೇರೆಗಾರ್ ನನ್ನ ಮಾತು ಕೇಳಿದ್ದೇ ರೇಡಿಯೋದಲ್ಲಿ ಎಲ್ಲ ದೋಣಿಗಳನ್ನೂ ವಿಚಾರಿಸಿದರು. ಸುರಗಿಯನ್ನು ಬೆಳಗ್ಗೆ ತೆಂಕು ದಿಕ್ಕಿನಲ್ಲಿ ಕಂಡೆ ಎಂದು ಒಬ್ಬ, ಬಡಗು ಎಂದು ಇನ್ನೊಬ್ಬ. ಸುರಗಿಯ ರೇಡಿಯೋ ಮಾತಾಡಲಿಲ್ಲ. ನಮ್ಮಲ್ಲಿದ್ದದ್ದು ಆರು ಡ್ರೋನ್. ಕಡಲನ್ನು ಆರಕ್ಕೆ ಹಂಚಿದರೆ ಒಂದೊಂದರ ಪಾಲಿಗೆ ಒಂದು ತಾಲ್ಲೂಕಿನಷ್ಟು ನೀರು ಬರುತ್ತಿತ್ತು.

ತಾಂಡೇಲನ ದಾರಿಯ ನಕ್ಷೆ ತೆರೆದೆ. ನಾವು ಕೇಳಿದ್ದು ಹೊರಜೋಡಣೆ. ಅದು ಮಾಡುತ್ತಿದ್ದದ್ದು ಒಳಜೋಡಣೆ. ಪಕ್ಕದಲ್ಲಿ ಕಾರಣವನ್ನೂ ಪ್ರಾಮಾಣಿಕವಾಗಿ ಬರೆದಿತ್ತು: ‘ದನಿಯಿಲ್ಲದ ದೋಣಿ ಎಂಬುದು ಇಲ್ಲ. ಅರವತ್ತೊಂದು ದಿನ ಪರೀಕ್ಷಿಸಿದೆ. ಆದ್ದರಿಂದ ಖಾಲಿ ಜಾಗಕ್ಕಾಗಿ ಕಾಯುವ ಕೆಲಸ ಉಳಿಸಿದೆ.’ ಜೊತೆ ಸಿಗದ ದೋಣಿ ದಾರಿಯಲ್ಲೇ ಉದುರಿಹೋಗುತ್ತಿತ್ತು. ಖಾಲಿಯೇ ಇಲ್ಲದ ಮೇಲೆ ಒಳಪ್ರಶ್ನೆ ಏಳುವುದೂ ಇಲ್ಲ. ತಾಂಡೇಲ ನನಗೆ ಸುಳ್ಳು ಹೇಳಿರಲಿಲ್ಲ. ನಾನು ತೋರಿಸಿದ ಪ್ರಪಂಚದಲ್ಲಿ ಎಲ್ಲರೂ ಮನೆಯಲ್ಲೇ ಇದ್ದರು.

“ಕನ್ಸೆಲ್ಲ ಅಳ್ಸಿ ಬಿಡಿ ಮೇಡಂ!” ಎಂದರು ಶೇರೆಗಾರ್.

“ಅಳಿಸಿದರೆ ದನಿಗಳನ್ನು ಬೇಗ ಹುಡುಕುವ ದಾರಿಯೂ ಹೋಗುತ್ತೆ ಸರ್. ಮೊದಲಿನ ಎರಡು ನಿಮಿಷದ ದಾರಿಯೂ ಕನಸಿನ ಜೊತೆ ಗಂಟು ಹಾಕಿಕೊಂಡಿದೆ. ಕಿವಿಗಳು ಈಗ ಎರಡರಷ್ಟಾಗಿವೆ, ತಾಂಡೇಲನಿಗೂ ಮುಂಚಿನ ದಾರಿಯಲ್ಲಿ ಹೋದರೆ ನಲವತ್ತು ನಿಮಿಷ ಬೇಕು.”

ಅವರು ಕಿಟಕಿಯಾಚೆ ನೋಡಿದರು. ಬಿಸಿಲು ನೀರಿನ ಮೇಲೆ ಆಗಲೇ ಓರೆಯಾಗಿ ಬಿದ್ದಿತ್ತು. “ಮತ್ತೊಂದ್ ಸಲ ಹಾಂಗೆ ಆಪುಕಾಗ,” ಎಂದರು ಮೆಲ್ಲಗೆ.

ಒಂದು ನಿಯಮವನ್ನು ಮಾತ್ರ ಬಿಡಿಸಬೇಕು, ಉಳಿದದ್ದು ಹಾಗೇ ಇರಬೇಕು. ನಾನು ಕೈಯಿಂದ ಕಿತ್ತರೆ ಜೊತೆಗೆ ಏನೇನು ಬರುತ್ತದೋ ಗೊತ್ತಿಲ್ಲ. ಆದರೆ ಪಟ್ಟಿಗೆ ಹೊಸ ಸಾಲು ಸೇರುವಾಗ ತಾಂಡೇಲ ತನ್ನ ನಿಯಮಗಳನ್ನೆಲ್ಲ ಅದರ ಜೊತೆ ತಾಳೆ ನೋಡುತ್ತದೆ. ನಿಯಮಕ್ಕೆ ವಿರುದ್ಧವಾದದ್ದು ಒಂದೇ ಒಂದು ಕಂಡರೂ ಆ ನಿಯಮವನ್ನು ತಾನೇ ಬಿಡುತ್ತದೆ, ಗಂಟನ್ನೂ ತಾನೇ ಜಾಗ್ರತೆಯಿಂದ ಬಿಚ್ಚುತ್ತದೆ. ಅದಕ್ಕೆ ದನಿಯಿಲ್ಲದ ಒಂದು ದೋಣಿ ತೋರಿಸಬೇಕು.

ಸುಳ್ಳು ಹೆಸರೊಂದನ್ನು ಬರೆದೆ. ಪಟ್ಟಿ ಒಪ್ಪಲಿಲ್ಲ, ನೋಂದಣಿ ಸಂಖ್ಯೆ ಬೇಕು, ಗೆಜ್ಜೆಯ ಸ್ವರ ಬೇಕು, ನಿಜವಾಗಿ ನೀರಿಗಿಳಿದ ದೋಣಿಯೇ ಬೇಕು. ನಿಜವಾದ ದೋಣಿ, ಆದರೆ ದನಿಯಿಲ್ಲದ್ದು. ಕೈಬಿಟ್ಟ ಹೆಸರುಗಳ ಪೆಟ್ಟಿಗೆಯನ್ನು ತೆರೆದೆ. ಅದರಲ್ಲಿ ಇದ್ದದ್ದು ಒಂದೇ ಹೆಸರು.

ಬೆಳ್ಳಕ್ಕಿ.

‘ಮರಳಿ ಸೇರಿಸಲು ಕಾರಣ?’ ಎಂದು ಪರದೆ ಕೇಳಿತು. ಆ ಹೊತ್ತಿನಲ್ಲೂ ಕಾರಣ ಕೇಳುವ ಯಂತ್ರದ ಮೇಲೆ ಕೋಪ ಬಂತು. ಕೋಪದಲ್ಲೇ ನಿಜವಾದ ಕಾರಣವನ್ನು ಬರೆದೆ: ‘ಇನ್ನೂ ಬಂದಿಲ್ಲ.’

ಪರದೆಯ ಮೇಲೆ ಸಾವಿರ ಎಳೆಗಳ ಆ ಚೆಂದದ ಚಿತ್ರ ಇತ್ತು. ಎಡಗಡೆಯ ಅಂಚಿನಲ್ಲಿ ಹೊಸದೊಂದು ಚುಕ್ಕಿ ಹುಟ್ಟಿತು. ಅದರಿಂದ ಒಂದು ಎಳೆ ಹೊರಟು ಬಲಕ್ಕೆ ಬಂತು, ದನಿಗಳ ನಡುವೆ ಹುಡುಕಿತು, ಹಿಂದಕ್ಕೆ ಹೋಯಿತು, ಮತ್ತೆ ಹುಡುಕಿತು. ಚಿತ್ರವೆಲ್ಲ ಒಂದು ಕ್ಷಣ ನಿಂತುಬಿಟ್ಟಿತು. ನಿದ್ದೆಯಿಂದ ಎದ್ದವರು ಮನೆಯಲ್ಲಿ ಯಾರೋ ಇಲ್ಲವಲ್ಲ ಎಂದು ಯೋಚಿಸುತ್ತ ಹಾಸಿಗೆಯ ಮೇಲೆ ಕೂರುವುದಿಲ್ಲವೇ, ತಾಂಡೇಲ ಹಾಗೆ ಕುಳಿತಂತೆ ನನಗೆ ಕಂಡಿತು. ಆಮೇಲೆ ಎಳೆಗಳು ನಿಧಾನವಾಗಿ ಜಾಗ ಬದಲಿಸಿದವು. ಬೆಳ್ಳಕ್ಕಿಯ ಪಕ್ಕದಲ್ಲಿ ಸಣ್ಣದೊಂದು ಖಾಲಿ ಜಾಗ ತೆರೆದುಕೊಂಡಿತು. ಅದರ ಹಿಂದೆಯೇ, ಎಲ್ಲಿ ಅಡಗಿಕೊಂಡಿತ್ತೋ ಎಂಬಂತೆ, ಇನ್ನೊಂದು ಚುಕ್ಕಿ ಬಂದು ನಿಂತಿತು.

ಖಾಲಿ: ೨. ಬೆಳ್ಳಕ್ಕಿ. ಸುರಗಿ.

ಒಳಪ್ರಶ್ನೆಗೆ ಉತ್ತರವೂ ಅದೇ ಉಸಿರಿನಲ್ಲಿ ಬಂತು. ಸುರಗಿಯನ್ನು ಕೊನೆಗೆ ಕೇಳಿದ್ದು ಮೂವತ್ತೇಳನೆಯ ಕಿವಿ, ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ, ಹಂದಿಕಲ್ಲು ಎಂಬ ಕಡಲಬಂಡೆಯ ಬಡಗುದಿಕ್ಕಿಗೆ. ಗಡಿಯಾರ ಆರು ಹದಿನೇಳು ತೋರಿಸುತ್ತಿತ್ತು. ಶೇರೆಗಾರ್ ಆರೂ ಡ್ರೋನ್‌ಗಳನ್ನು ಅತ್ತ ಬಿಟ್ಟರು. ಹತ್ತಿರವಿದ್ದ ಮೂರು ದೋಣಿಗಳಿಗೆ ರೇಡಿಯೋದಲ್ಲಿ ದಿಕ್ಕು ಹೇಳಿದರು. ಇಪ್ಪತ್ತೈದು ನಿಮಿಷದ ಹಾರಾಟ. ಆ ಇಪ್ಪತ್ತೈದು ನಿಮಿಷ ನಾನು ಏನು ಮಾಡಿದೆನೋ ನೆನಪಿಲ್ಲ. ಪರದೆಯ ಮೇಲಿದ್ದ ಆ ಎರಡು ಹೆಸರುಗಳನ್ನು ಮಾತ್ರ ಈಗಲೂ ಕಣ್ಣುಮುಚ್ಚಿದರೆ ಕಾಣುತ್ತೇನೆ: ಅಪ್ಪನ ದೋಣಿ ಮೇಲೆ, ಮಗಳ ದೋಣಿ ಕೆಳಗೆ.

ಆರು ನಲವತ್ತಾರಕ್ಕೆ ನಾಲ್ಕನೆಯ ಡ್ರೋನ್ ಮಗುಚಿದ ದೋಣಿಯ ಮೇಲೆ ಕಿತ್ತಳೆ ಬಣ್ಣದ ಅಂಗಿಯೊಂದನ್ನು ಕಂಡಿತು. ಅಂಗಿ ಕೈಯೆತ್ತಿತು.

ಶೇರೆಗಾರ್ ಆ ಮೂರು ದೋಣಿಗಳನ್ನು ಅಲ್ಲಿಗೇ ಕಳಿಸಿದರು. ನಾನು ಮೂಕಾಂಬಕ್ಕನಿಗೆ ಫೋನ್ ಮಾಡಿದೆ. ‘ಸಿಕ್ಕಳು’ ಎಂದೆ. ಆ ಕಡೆಯಿಂದ ಬಟ್ಟಲನ್ನು ಹಲಗೆಯ ಮೇಲಿಟ್ಟ ಸದ್ದು ಕೇಳಿತು.

ತೇಲಿಬಂದ ಮರದ ದಿಮ್ಮಿಯೊಂದು ಸುರಗಿಯ ತಳಕ್ಕೆ ಹೊಡೆದಿತ್ತು. ಗೆಜ್ಜೆ ಕಿತ್ತುಹೋಯಿತು, ದೋಣಿ ಮಗುಚಿತು. ಆರೂವರೆ ಗಂಟೆ ಜಲಜಾ ದೋಣಿಯ ಬೆನ್ನಿನ ಮೇಲೆ ಇದ್ದಳು. ಖಾಲಿ ಬಂದ ಕೂಡಲೇ ಹೇಮಕ್ಕ ನೋಡುತ್ತಾರೆ ಎಂದುಕೊಂಡು ಮೂರು ಗಂಟೆಯಿಂದ ಆಕಾಶವನ್ನೇ ಕಾಯುತ್ತಿದ್ದಳಂತೆ. ಇದನ್ನು ಅವಳು ಆಸ್ಪತ್ರೆಯಲ್ಲಿ ನಗುತ್ತಲೇ ಹೇಳಿದಳು. ನನಗೆ ನಗಲಾಗಲಿಲ್ಲ. ಮೂರಕ್ಕೂ ನಾಲ್ಕಕ್ಕೂ ಐದಕ್ಕೂ ನಾನು ಎಲ್ಲಿದ್ದೆ, ಏನು ತಿನ್ನುತ್ತಿದ್ದೆ ಎಂದು ಅವಳಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, “ಗೋಳಿಬಜಿ ನಂಗೂ ಇಡುಕಾಯ್ತ್ ನೀವ್,” ಎಂದಳು.

ಮರುದಿನ ಮಧ್ಯಾಹ್ನ ಅವಳನ್ನು ಮನೆಗೆ ಕರೆತಂದೆವು. ಮೂಕಾಂಬಕ್ಕ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮಾಡಿದ್ದರು. ಜಲಜಾ ಎರಡು ಸಲ ಬಡಿಸಿಕೊಂಡು ಉಂಡಳು, ಉಂಡಲ್ಲೇ ಗೋಡೆಗೊರಗಿ ನಿದ್ದೆ ಹೋದಳು. ನಾನು ಆಗ ಮೂಕಾಂಬಕ್ಕನಿಗೆ ಎಲ್ಲವನ್ನೂ ಹೇಳಿದೆ. ಮೇ ತಿಂಗಳಲ್ಲಿ ಬೆಳ್ಳಕ್ಕಿಯ ಹೆಸರು ತೆಗೆಯದೆ ಇದ್ದಿದ್ದರೆ ತಾಂಡೇಲನಿಗೆ ಆ ಕನಸೇ ಬೀಳುತ್ತಿರಲಿಲ್ಲ ಎಂದೆ. ಅರವತ್ತೊಂದು ದಿನವೂ ಒಂದು ಖಾಲಿ ಅದರ ಕಣ್ಣೆದುರಿಗೇ ಇರುತ್ತಿತ್ತು. ನೀವು ಆ ದಿನ ಕೇಳಿದ್ದು 'ಒಂದು ಹೆಸರು ಇರಲಿ' ಎಂದಷ್ಟೇ, ನಾನೇ ಕೇಳಲಿಲ್ಲ ಎಂದೆ. ಹೇಳುತ್ತ ಅತ್ತುಬಿಟ್ಟೆ. ಇಲಾಖೆಯವರಿಗೆ ಬರೆದುಕೊಟ್ಟ ವರದಿಯಲ್ಲಿ ಅಳು ಒಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ.

ಅವರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. “ಈಗ ಹೆಸ್ರ್ ಇತ್ತಾ?” ಎಂದು ಕೇಳಿದರು.

“ಇದೆ ಅಕ್ಕ.”

“ತೆಗುದಿಲ್ಲ ಅಲ್ದಾ?”

“ನಾನಿರುವವರೆಗೆ ಯಾರೂ ತೆಗೆಯಲ್ಲ. ಆಮೇಲೂ ತೆಗೆಯದ ಹಾಗೆ ಬರೆದಿಟ್ಟಿದ್ದೇನೆ.”

“ದಿನಾ ಕಾಂತ್ರಿಯಾ?”

“ಐದು ನಿಮಿಷಕ್ಕೊಮ್ಮೆ.”

ಮೂಕಾಂಬಕ್ಕ ಎದ್ದು ಮಗಳ ಬಟ್ಟಲನ್ನು ತೊಳೆದು ತಂದರು, ಹಲಗೆಯ ಮೇಲೆ ಕವುಚಿದರು. ಆಮೇಲೆ ಇನ್ನೊಂದು ಬಟ್ಟಲನ್ನು ಕೈಗೆತ್ತಿಕೊಂಡರು. ಸೆರಗಿನಿಂದ ಎಂದಿನಂತೆ ಒರೆಸಿದರು, ಒಳಗೆ ಒಮ್ಮೆ, ಹೊರಗೆ ಒಮ್ಮೆ. ಅವರು ಅದನ್ನು ಮಗಳ ಬಟ್ಟಲಿನ ಪಕ್ಕದಲ್ಲಿ ನಿಧಾನವಾಗಿ ಕವುಚಿ ಇಟ್ಟರು, ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತರು.

“ಇನ್ ನೀವೆಲ್ಲ ಅವ್ರನ್ನ ಕಾಯ್ತ್ರಿ ಅಲ್ದಾ,” ಎಂದರು. “ನಂಗ್ ಬಚ್ಚಿತ್, ಹೆಣೆ.”

ಆ ಮಧ್ಯಾಹ್ನ, ಕಾದು ಕಾದು ದಣಿದ ಅವರು ಮಗಳ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದರು. ನಾನು ಆ ಮನೆಗೆ ಬಂದ ಮೇಲೆ ಮೂಕಾಂಬಕ್ಕ ಹಗಲು ಮಲಗಿದ್ದನ್ನು ನೋಡಿದ್ದು ಅದೇ ಮೊದಲು.

ತಾಂಡೇಲ ಈಗಲೂ ಮಳೆಗಾಲದಲ್ಲಿ ಕನಸು ಕಾಣುತ್ತದೆ. ಚಿತ್ರ ಮೊದಲಿನಷ್ಟು ಹಗುರವಾಗಿಲ್ಲ. ಎಡಗಡೆಯ ಅಂಚಿನಲ್ಲಿ ಎಳೆಯಿಲ್ಲದ ಒಂದು ಚುಕ್ಕಿ ತೂಗುತ್ತಿರುತ್ತದೆ, ಉಳಿದ ಎಳೆಗಳೆಲ್ಲ ಅದಕ್ಕೆ ಜಾಗ ಬಿಟ್ಟು ಹಾಯುತ್ತವೆ. ಹೊಸದಾಗಿ ಬಂದ ಅಧಿಕಾರಿಗಳು ಒಂದಲ್ಲ ಒಂದು ದಿನ ಕೇಳುತ್ತಾರೆ, ಈ ಒಂದು ಖಾಲಿ ಏಕೆ ದಿನವೂ ಬರುತ್ತದೆ, ತೆಗೆಯಬಾರದೇ ಎಂದು. ಶೇರೆಗಾರ್ ಅವರನ್ನು ಕೂರಿಸಿಕೊಂಡು ಕಥೆ ಹೇಳುತ್ತಾರೆ. ಸಂಜೆ ದೋಣಿಗಳೆಲ್ಲ ಅಳಿವೆಯೊಳಗೆ ಬಂದ ಮೇಲೆ ನಾನು ಕೊನೆಯ ಸಲ ಪ್ರಶ್ನೆ ಕೇಳುತ್ತೇನೆ. ಪರದೆಯ ಮೇಲೆ ‘ಖಾಲಿ: ೧’ ಎಂದು ಬರುತ್ತದೆ, ಪಕ್ಕದಲ್ಲಿ ಬೆಳ್ಳಕ್ಕಿಯ ಹೆಸರು. ಅದನ್ನು ಓದಿಯೇ ನಾನು ಮನೆಗೆ ಹೊರಡುವುದು.